ಪರದೆಯುಳ್ಳ ದ್ರವ ಶೀತಕ: ಯಾದಗಿರಿ, ಶಹಾಪುರ, ಸುರಪುರದ ಬಿಸಿಲಿನ ಹಿನ್ನೆಲೆಯಲ್ಲಿ

ಮೇಜಿನ ಮೇಲಿನ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ಹುಟ್ಟುವ ಶಾಖವನ್ನು ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ದ್ರವದ ಮೂಲಕ ಹೊರಗೆ ಸಾಗಿಸುತ್ತ, ಆ ಶಾಖದ ಮಟ್ಟವನ್ನೂ ಯಂತ್ರದ ಇತರ ಸ್ಥಿತಿಗತಿಗಳನ್ನೂ ತನ್ನ ಮೈಮೇಲಿನ ಪುಟ್ಟ ಪರದೆಯಲ್ಲಿ ತೋರಿಸುವ ಸಾಧನವನ್ನು ಪರದೆಯುಳ್ಳ ದ್ರವ ಶೀತಕ ಎನ್ನಬಹುದು. ಮಾರುಕಟ್ಟೆಯಲ್ಲಿ ಇದು ಲಿಕ್ವಿಡ್ ಕೂಲರ್ ಎಂದೂ, ಪಂಪು, ಕೊಳವೆ, ರೇಡಿಯೇಟರ್‌ಗಳೆಲ್ಲ ಕಾರ್ಖಾನೆಯಲ್ಲೇ ಜೋಡಣೆಗೊಂಡು ದ್ರವ ತುಂಬಿಸಿಕೊಂಡೇ ಬರುವುದರಿಂದ ಎಐಒ (ಆಲ್-ಇನ್-ಒನ್) ಎಂದೂ ಪರಿಚಿತವಾಗಿದೆ. ಪರದೆಯಿಲ್ಲದ ಇಂಥ ಶೀತಕಗಳು 2000ರ ದಶಕದಿಂದಲೇ ಬಳಕೆಯಲ್ಲಿದ್ದು, ಪರದೆಯನ್ನು ಹೊತ್ತವು 2018ರ ಬಳಿಕ ಒಂದು ಪ್ರತ್ಯೇಕ ವರ್ಗವಾಗಿ ಬೆಳೆದವು.

ಈ ಸಾಧನಗಳನ್ನು ರೂಪಿಸಿ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಕೋಣೆಯ ತಾಪ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯಲ್ಲಿ ಏಪ್ರಿಲ್–ಮೇ ತಿಂಗಳುಗಳ ಹಗಲಿನ ತಾಪ 40 ಡಿಗ್ರಿ ದಾಟುವುದು ವಾಡಿಕೆ. ಕೃಷ್ಣೆ ಮತ್ತು ಭೀಮೆಯ ನಡುವಣ ಎರೆ ಬಯಲಿನಲ್ಲಿರುವ ಶಹಾಪುರ, ಸುರಪುರಗಳಲ್ಲಾಗಲಿ, ಭೀಮೆಯ ಆಚೆಗಿರುವ ಯಾದಗಿರಿ ಪಟ್ಟಣದಲ್ಲಾಗಲಿ ಒಂದು ಫೋಟೊ ಸ್ಟುಡಿಯೊ, ಫ್ಲೆಕ್ಸ್ ಮುದ್ರಣದ ಅಂಗಡಿ ಅಥವಾ ಮದುವೆ ವಿಡಿಯೊ ಸಂಕಲನದ ಕೋಣೆ ಮಧ್ಯಾಹ್ನ ಎರಡು ಗಂಟೆಯಲ್ಲಿ ಪ್ರಯೋಗಾಲಯದ ಆ 20 ಡಿಗ್ರಿಯಿಂದ ಬಹುದೂರ ಇರುತ್ತದೆ. ಶೀತಕದ ಸಾಮರ್ಥ್ಯವೆಲ್ಲ ಕೋಣೆಯ ಗಾಳಿಯಿಂದ ಅಳೆಯಬೇಕಾದದ್ದು ಆದುದರಿಂದ, ಈ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದಾಗ ಸಾಧನದ ಗುಣದೋಷಗಳು ತಂಪು ದೇಶದ ವಿವರಣೆಗಳಲ್ಲಿ ಕಾಣದಷ್ಟು ಸ್ಪಷ್ಟವಾಗುತ್ತವೆ.

ರಚನೆ ಮತ್ತು ಕಾರ್ಯ

ಪ್ರೊಸೆಸರ್ ಎಂಬುದು ಕೆಲವು ಸೆಂಟಿಮೀಟರ್ ಅಗಲದ ಲೋಹದ ಮುಚ್ಚಳದ ಕೆಳಗೆ ಅಡಗಿರುವ ಸಿಲಿಕಾನ್ ಬಿಲ್ಲೆ. ಅದು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಇಂಟೆಲ್ ಸಂಸ್ಥೆಯ ಕೋರ್ ಐ9-14900ಕೆ ಪ್ರೊಸೆಸರಿಗೆ ಮೂಲ ಮಟ್ಟದಲ್ಲಿ 125 ವ್ಯಾಟ್, ಗರಿಷ್ಠ ಓಟದಲ್ಲಿ 253 ವ್ಯಾಟ್ ಎಂಬ ಮಿತಿಗಳನ್ನು ನಿಗದಿ ಮಾಡಲಾಗಿದ್ದು, ಎಎಂಡಿ ಸಂಸ್ಥೆಯ ರೈಜನ್ 9 7950ಎಕ್ಸ್ ಮಾದರಿಯ ಗರಿಷ್ಠ ಬಳಕೆ 230 ವ್ಯಾಟ್‌ನಷ್ಟಿದೆ. ಇಷ್ಟೊಂದು ಶಾಖ ಒಂದು ಹೆಬ್ಬೆರಳ ಉಗುರಿನಷ್ಟು ಜಾಗದಿಂದ ಹೊರಹೊಮ್ಮುವುದರಿಂದ ಅದನ್ನು ತಕ್ಷಣ ದೊಡ್ಡ ಮೈಯ ಮೇಲೆ ಹರಡದಿದ್ದರೆ ಬಿಲ್ಲೆಯ ತಾಪ ಕೆಲವೇ ಸೆಕೆಂಡುಗಳಲ್ಲಿ ಮಿತಿಯನ್ನು ಮುಟ್ಟುತ್ತದೆ. ಮೇಲೆ ಹೇಳಿದ ಇಂಟೆಲ್ ಪ್ರೊಸೆಸರಿಗೆ ಈ ಮಿತಿ 100 ಡಿಗ್ರಿ, ಎಎಂಡಿಯದಕ್ಕೆ 95 ಡಿಗ್ರಿ. ಮಿತಿ ಮುಟ್ಟಿದ ಪ್ರೊಸೆಸರ್ ಸುಟ್ಟುಹೋಗುವುದಿಲ್ಲ, ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಬದುಕಿಕೊಳ್ಳುತ್ತದೆ. ಬಳಕೆದಾರನಿಗೆ ಕಾಣುವುದು ನಿಧಾನವಾದ ಕೆಲಸ ಮಾತ್ರ.

ದ್ರವ ಶೀತಕದಲ್ಲಿ ಪ್ರೊಸೆಸರಿನ ಮುಚ್ಚಳದ ಮೇಲೆ ಥರ್ಮಲ್ ಪೇಸ್ಟ್ ಎಂಬ ಲೇಪವನ್ನು ಹಚ್ಚಿ, ಅದರ ಮೇಲೆ ತಾಮ್ರದ ಫಲಕವೊಂದನ್ನು ಬಿಗಿಯಾಗಿ ಕೂರಿಸಲಾಗುತ್ತದೆ. ಎರಡು ಲೋಹಗಳ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮ ಗಾಳಿಗುಳಿಗಳಿರುತ್ತವೆ, ಗಾಳಿ ಶಾಖವನ್ನು ಬಹಳ ಕಷ್ಟದಿಂದ ಸಾಗಿಸುತ್ತದೆ, ಆದ್ದರಿಂದ ಆ ಗುಳಿಗಳನ್ನು ತುಂಬುವುದೇ ಲೇಪದ ಕೆಲಸ. ತಾಮ್ರ ಫಲಕದ ಒಳಮೈಯಲ್ಲಿ ಮಿಲಿಮೀಟರಿನ ಒಂದು ಅಂಶದಷ್ಟು ಅಂತರದಲ್ಲಿ ತೆಳುವಾದ ಗೀರುಗಳನ್ನು ಕೊರೆದಿರುತ್ತಾರೆ. ಪಂಪು ದ್ರವವನ್ನು ಈ ಗೀರುಗಳ ನಡುವೆ ನೂಕುತ್ತದೆ, ಬಿಸಿಯಾದ ದ್ರವ ರಬ್ಬರಿನ ಕೊಳವೆಯ ಮೂಲಕ ಅಲ್ಯೂಮಿನಿಯಂ ರೇಡಿಯೇಟರಿಗೆ ಹೋಗಿ, ಅಲ್ಲಿ ಫ್ಯಾನುಗಳು ಬೀಸುವ ಗಾಳಿಗೆ ಶಾಖವನ್ನು ಒಪ್ಪಿಸಿ, ಇನ್ನೊಂದು ಕೊಳವೆಯಿಂದ ಮರಳಿ ಬರುತ್ತದೆ. ಟ್ರ್ಯಾಕ್ಟರಿನ ಎಂಜಿನ್ನಿಗೆ ರೇಡಿಯೇಟರು ಮಾಡುವ ಕೆಲಸವೇ ಇಲ್ಲಿಯೂ ನಡೆಯುತ್ತದೆ. ವ್ಯತ್ಯಾಸವೆಂದರೆ ಇದರಲ್ಲಿ ಮುಚ್ಚಳ ತೆಗೆದು ನೀರು ಹಾಕುವ ಅನುಕೂಲ ಬಹುತೇಕ ಮಾದರಿಗಳಲ್ಲಿ ಇರುವುದಿಲ್ಲ.

ದ್ರವ ಶುದ್ಧ ನೀರಲ್ಲ. ನೀರಿಗೆ ಪ್ರೊಪಿಲೀನ್ ಗ್ಲೈಕಾಲ್‌ನಂಥ ರಾಸಾಯನಿಕವನ್ನೂ ತುಕ್ಕು ತಡೆಯುವ, ಪಾಚಿ ಕಟ್ಟದಂತೆ ನೋಡಿಕೊಳ್ಳುವ ದ್ರವ್ಯಗಳನ್ನೂ ಸೇರಿಸಿರುತ್ತಾರೆ. ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಕೂಡಿದಾಗ ಅಲ್ಯೂಮಿನಿಯಂ ಸವೆಯುವ ವಿದ್ಯುದ್ರಾಸಾಯನಿಕ ಕ್ರಿಯೆ ಶುರುವಾಗುವುದರಿಂದ ಈ ದ್ರವ್ಯಗಳು ಅತ್ಯಗತ್ಯ. ಹಾಗಿದ್ದರೂ ಶಾಖ ಹೊರುವ ಭಾರವನ್ನು ಹೊತ್ತಿರುವುದು ನೀರೇ. ಒಂದು ಕಿಲೊ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 4.18 ಕಿಲೊಜೂಲ್ ಶಕ್ತಿ ಬೇಕು, ಗಾಳಿಗಾದರೆ ಸುಮಾರು ಒಂದು ಕಿಲೊಜೂಲ್ ಸಾಕು. ಗಾತ್ರದ ಲೆಕ್ಕದಲ್ಲಿ ನೋಡಿದರೆ ಒಂದು ಲೀಟರ್ ನೀರು ಒಂದು ಲೀಟರ್ ಗಾಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ಪಟ್ಟು ಶಾಖವನ್ನು ಹೊರಬಲ್ಲದು. ನಿಮಿಷಕ್ಕೆ ಒಂದು ಲೀಟರಿನಂತೆ ನೀರು ಸುತ್ತುತ್ತಿದ್ದು ಪ್ರೊಸೆಸರ್ 200 ವ್ಯಾಟ್ ಶಾಖ ಬಿಡುತ್ತಿದ್ದರೆ, ಫಲಕವನ್ನು ಒಮ್ಮೆ ದಾಟುವಷ್ಟರಲ್ಲಿ ನೀರಿನ ತಾಪ ಏರುವುದು ಸುಮಾರು ಮೂರು ಡಿಗ್ರಿ ಮಾತ್ರ. ಆದಕಾರಣ ಕೊಳವೆಯ ಒಂದು ತುದಿಗೂ ಇನ್ನೊಂದು ತುದಿಗೂ ಕೈಗೆ ತಿಳಿಯುವಂಥ ಅಂತರ ಇರುವುದಿಲ್ಲ, ಇಡೀ ದ್ರವವೇ ನಿಧಾನವಾಗಿ ಒಟ್ಟಿಗೆ ಬೆಚ್ಚಗಾಗುತ್ತ ಹೋಗುತ್ತದೆ.

ರೇಡಿಯೇಟರಿನ ಉದ್ದವನ್ನು ಅದರ ಮೇಲೆ ಕೂರುವ ಫ್ಯಾನುಗಳಿಂದ ಗುರುತಿಸುತ್ತಾರೆ. 120 ಮಿ.ಮೀ. ಫ್ಯಾನುಗಳ ಲೆಕ್ಕದಲ್ಲಿ 120, 240, 360 ಎಂದೂ, 140 ಮಿ.ಮೀ. ಫ್ಯಾನುಗಳ ಲೆಕ್ಕದಲ್ಲಿ 280, 420 ಎಂದೂ ಹೇಳುತ್ತಾರೆ. ಪರದೆಯುಳ್ಳ ಶೀತಕಗಳು ಹೆಚ್ಚಾಗಿ 240 ಮತ್ತು 360ರ ಅಳತೆಯಲ್ಲಿ ಬರುತ್ತವೆ.

ಬೆಳೆದು ಬಂದ ಬಗೆ

ಗಣಕಯಂತ್ರಕ್ಕೆ ನೀರು ಹಾಯಿಸುವ ಆಲೋಚನೆ ಮೇಜಿನ ಕಂಪ್ಯೂಟರಿಗಿಂತ ಹಳೆಯದು. ಐಬಿಎಂ ಸಂಸ್ಥೆ 1960ರ ದಶಕದಲ್ಲಿ ತಯಾರಿಸಿದ ಸಿಸ್ಟಮ್/360ರ 91ನೇ ಮಾದರಿಯಂಥ ಬೃಹತ್ ಯಂತ್ರಗಳಲ್ಲಿ ನೀರಿನಿಂದ ತಣಿಸುವ ವ್ಯವಸ್ಥೆಯಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನಲ್ಲಿ ವಿದ್ಯುತ್ ಹರಿಯದ ಫ್ಲೋರಿನರ್ಟ್ ಎಂಬ ದ್ರವದೊಳಗೆ ವಿದ್ಯುನ್ಮಂಡಲಗಳನ್ನೇ ಮುಳುಗಿಸಲಾಗಿತ್ತು. ಮನೆಯ ಕಂಪ್ಯೂಟರಿಗೆ ಇದನ್ನು ತಂದವರು 1990ರ ದಶಕದ ಕೊನೆಯ ಹವ್ಯಾಸಿಗಳು. ಕಾರಿನ ಹೀಟರಿನಿಂದ ಕಳಚಿದ ರೇಡಿಯೇಟರನ್ನೂ ಮೀನಿನ ತೊಟ್ಟಿಯ ಪಂಪನ್ನೂ ಕೂಡಿಸಿ, ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಆಸೆಯಿಂದ ಅವರು ಇಂಥ ವ್ಯವಸ್ಥೆಗಳನ್ನು ಕೈಯಾರೆ ಕಟ್ಟಿಕೊಂಡರು.

ಪಂಪನ್ನೂ ತಾಮ್ರ ಫಲಕವನ್ನೂ ಒಂದೇ ದಿಂಡಿನೊಳಗೆ ಸೇರಿಸಿ, ಬಳಕೆದಾರ ದ್ರವದ ಗೋಜಿಗೇ ಹೋಗದಂತೆ ಮಾಡಿದ ವಿನ್ಯಾಸದಲ್ಲಿ ಡೆನ್ಮಾರ್ಕಿನ ಆಸೆಟೆಕ್ ಸಂಸ್ಥೆಯ ಪಾಲು ದೊಡ್ಡದು. ಆ ಸಂಸ್ಥೆ ತಯಾರಿಸಿ ಕೋರ್ಸೇರ್ ಹೆಸರಿನಲ್ಲಿ 2009ರಲ್ಲಿ ಮಾರುಕಟ್ಟೆಗೆ ಬಂದ ಎಚ್50 ಈ ಬಗೆಯನ್ನು ಸಾಮಾನ್ಯ ಬಳಕೆದಾರರ ಕೈಗೆ ತಲುಪಿಸಿತು. ದಿಂಡಿನ ಆ ವಿನ್ಯಾಸದ ಪೇಟೆಂಟಿಗಾಗಿ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯಗಳು ನಡೆದು, ಹಲವು ತಯಾರಕರು ಪಂಪನ್ನು ರೇಡಿಯೇಟರಿನೊಳಗೋ ಕೊಳವೆಯ ನಡುವೆಯೋ ಇಡುವ ಬೇರೆ ದಾರಿಗಳನ್ನು ಹುಡುಕಿಕೊಳ್ಳಬೇಕಾಯಿತು. ಪಂಪಿನ ದಿಂಡು ಪ್ರೊಸೆಸರಿನ ನೆತ್ತಿಯ ಮೇಲೆ, ಕ್ಯಾಬಿನೆಟ್ಟಿನ ನಟ್ಟನಡುವೆ, ಪಕ್ಕದ ಗಾಜಿಗೆ ಮುಖ ಮಾಡಿ ಕೂರುವುದೇ ಮುಂದೆ ಪರದೆ ಹುಟ್ಟಲು ಕಾರಣವಾಯಿತು. 2010ರ ದಶಕದ ಉತ್ತರಾರ್ಧದಲ್ಲಿ ಗಾಜಿನ ಬಾಗಿಲಿನ ಕ್ಯಾಬಿನೆಟ್ಟುಗಳು ಜನಪ್ರಿಯವಾದಾಗ, ನೋಡುವವರ ಕಣ್ಣು ಮೊದಲು ಬೀಳುವ ಈ ಖಾಲಿ ವೃತ್ತವನ್ನು ತಯಾರಕರು ಮೊದಲು ಬಣ್ಣದ ದೀಪಗಳಿಂದ, ಆಮೇಲೆ ಪರದೆಯಿಂದ ತುಂಬಿದರು.

ಆಸುಸ್ ಸಂಸ್ಥೆ 2018ರಲ್ಲಿ ಹೊರತಂದ ರ್‍ಯೂಜಿನ್ ಶೀತಕದಲ್ಲಿ 1.77 ಅಂಗುಲದ ಒಎಲ್‌ಇಡಿ ಪರದೆಯಿತ್ತು. 2019ರಲ್ಲಿ ಗಿಗಾಬೈಟ್ ಸಂಸ್ಥೆಯ ಅವೊರಸ್ ಸರಣಿಯಲ್ಲಿ ದುಂಡನೆಯ ಎಲ್‌ಸಿಡಿ ಕಾಣಿಸಿಕೊಂಡಿತು. 2020ರಲ್ಲಿ ಬಂದ ಎನ್‌ಝಡ್‌ಎಕ್ಸ್‌ಟಿ ಸಂಸ್ಥೆಯ ಕ್ರಾಕೆನ್ ಝಡ್ ಸರಣಿ, 2.36 ಅಂಗುಲದ, ಉದ್ದಕ್ಕೂ ಅಗಲಕ್ಕೂ 320 ಚುಕ್ಕೆಗಳಿರುವ ದುಂಡು ಪರದೆಯೊಂದಿಗೆ ಈ ವರ್ಗಕ್ಕೆ ಈಗಿನ ರೂಪವನ್ನು ಕೊಟ್ಟಿತೆನ್ನಬಹುದು. 2021ರಲ್ಲಿ ಕೋರ್ಸೇರ್ 2.1 ಅಂಗುಲದ, 480 ಚುಕ್ಕೆಗಳ ಪರದೆಯನ್ನೂ ಆಸುಸ್ 3.5 ಅಂಗುಲದ ಪರದೆಯನ್ನೂ ತಂದವು. 2023ರ ಕ್ರಾಕೆನ್ ಎಲೀಟ್‌ನಲ್ಲಿ ಚುಕ್ಕೆಗಳ ಸಂಖ್ಯೆ 640ಕ್ಕೆ ಏರಿತು, 2024ರಲ್ಲಿ ಟ್ರಿಕ್ಸ್ ಎಂಬ ಹೊಸ ಸಂಸ್ಥೆ ಮೂಲೆಯಲ್ಲಿ ಬಾಗುವ 6.5 ಅಂಗುಲದ ಅಮೊಲೆಡ್ ಪರದೆಯನ್ನೇ ಪಂಪಿನ ಮೇಲೆ ಹೊದಿಸಿತು. ಆರು ವರ್ಷಗಳಲ್ಲಿ ಪರದೆ ಗಡಿಯಾರದ ಮುಖದಿಂದ ಮೊಬೈಲಿನ ಅಳತೆಗೆ ಬೆಳೆಯಿತು. ಅದರ ಕೆಳಗಿನ ತಾಮ್ರದ ಗೀರುಗಳೂ ಅಲ್ಯೂಮಿನಿಯಂ ರೇಡಿಯೇಟರೂ ಆ ವೇಗದಲ್ಲಿ ಬದಲಾಗಲಿಲ್ಲ ಎಂಬುದನ್ನು ಕೊಳ್ಳುವವರು ಗಮನಿಸಬೇಕು.

ಕರ್ನಾಟಕದಲ್ಲಿ ಪ್ರೊಸೆಸರಿನ ಮೈವರೆಗೂ ದ್ರವ ಹರಿಸಿ ತಣಿಸುವ ವಿಧಾನದ ಹೆಸರಾಂತ ನಿದರ್ಶನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ರಾಷ್ಟ್ರೀಯ ಸೂಪರ್ ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸಿ-ಡ್ಯಾಕ್ ಸಂಸ್ಥೆ 2022ರಲ್ಲಿ ಅಲ್ಲಿ ಸ್ಥಾಪಿಸಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಯಂತ್ರದ ಗಣನಾ ಕಪಾಟುಗಳು ಇದೇ ತತ್ವದಿಂದ ತಣಿಯುತ್ತವೆ. ಅಲ್ಲಿ ಶಾಖ ಹೊತ್ತ ದ್ರವವನ್ನು ಕಟ್ಟಡದ ಹೊರಗಿನ ಶೀತಲೀಕರಣ ವ್ಯವಸ್ಥೆಗೆ ಒಪ್ಪಿಸುವ ಅನುಕೂಲವುಂಟು. ಮೇಜಿನ ಕಂಪ್ಯೂಟರಿಗೆ ಆ ಭಾಗ್ಯವಿಲ್ಲ, ಅದು ತನ್ನ ಶಾಖವನ್ನೆಲ್ಲ ಮನುಷ್ಯರು ಕುಳಿತಿರುವ ಕೋಣೆಗೇ ಬಿಡಬೇಕು.

ಪರದೆ

ಪರದೆಗೆ ಎರಡು ತಂತಿಗಳ ಆಸರೆ ಬೇಕು: ಒಂದು ವಿದ್ಯುತ್ತಿಗೆ, ಇನ್ನೊಂದು ಮದರ್‌ಬೋರ್ಡಿನ ಒಳಗಿನ ಯುಎಸ್‌ಬಿ ಜೋಡಣೆಗೆ. ಪ್ರೊಸೆಸರಿನೊಳಗೆ ಅಡಕವಾದ ತಾಪಸಂವೇದಕಗಳ ಅಂಕಿಯನ್ನು ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ ಓದಿಕೊಂಡು, ಚಿತ್ರವಾಗಿ ಬಿಡಿಸಿ, ಯುಎಸ್‌ಬಿ ಮೂಲಕ ಪಂಪಿನ ದಿಂಡಿಗೆ ಕಳಿಸುತ್ತದೆ, ದಿಂಡಿನೊಳಗಿನ ಪುಟ್ಟ ನಿಯಂತ್ರಕ ಅದನ್ನು ಪರದೆಗೆ ಹಾಕುತ್ತದೆ. ಪ್ರತಿ ತಯಾರಕರದೂ ಒಂದೊಂದು ತಂತ್ರಾಂಶ: ಎನ್‌ಝಡ್‌ಎಕ್ಸ್‌ಟಿಯದು ಕ್ಯಾಮ್, ಕೋರ್ಸೇರಿನದು ಐಕ್ಯೂ, ಆಸುಸ್‌ನದು ಆರ್ಮರಿ ಕ್ರೇಟ್. ಆ ತಂತ್ರಾಂಶ ನಿಂತುಹೋದರೆ ಪರದೆ ತನ್ನೊಳಗೆ ಮೊದಲೇ ಉಳಿಸಿಟ್ಟ ಚಿತ್ರಕ್ಕೆ ಮರಳುವುದು ಸಾಮಾನ್ಯ. ಶಾಖ ಸಾಗಿಸುವ ಕೆಲಸಕ್ಕೆ ಇದರಿಂದ ಭಂಗವಿಲ್ಲ.

ಪರದೆಯಲ್ಲಿ ತಾಪದ ಅಂಕಿ, ಪ್ರೊಸೆಸರಿನ ಮೇಲಿನ ಹೊರೆ, ಫ್ಯಾನಿನ ವೇಗ, ಗಡಿಯಾರ, ನಿಂತ ಚಿತ್ರ, ಚಲಿಸುವ ಜಿಫ್ ಚಿತ್ರ ಇತ್ಯಾದಿಗಳನ್ನು ಇಡಬಹುದು. ಚಿತ್ರವಾಗಿ ಹಾಕಬಹುದಾದ್ದರಿಂದ ಕನ್ನಡದ ಅಕ್ಷರಕ್ಕೆ ಇಲ್ಲಿ ಅಡ್ಡಿಯೇನಿಲ್ಲ. ಲಿನಕ್ಸ್ ಬಳಕೆದಾರರ ನಡುವೆ ಪ್ರಚಲಿತವಾಗಿರುವ ಲಿಕ್ವಿಡ್‌ಸಿಟಿಎಲ್ ಎಂಬ ಮುಕ್ತ ತಂತ್ರಾಂಶ ಕ್ರಾಕೆನ್ ಝಡ್ ಮತ್ತು ಎಲೀಟ್ ಮಾದರಿಗಳ ಪರದೆಗೆ ಚಿತ್ರ ಕಳಿಸಬಲ್ಲದಾಗಿದ್ದು, ಕಾರ್ಯಕ್ರಮ ರಚನೆ ಬಲ್ಲ ವಿದ್ಯಾರ್ಥಿಯೊಬ್ಬ ತಾಪವನ್ನು ಕನ್ನಡ ಅಂಕಿಗಳಲ್ಲೇ ಬಿಡಿಸಿ ಆಗಾಗ ಪರದೆಗೆ ಕಳಿಸುವ ಒಂದು ಚಿಕ್ಕ ಕಾರ್ಯಕ್ರಮವನ್ನು ಬರೆಯುವುದು ಕಷ್ಟದ ಕೆಲಸವಲ್ಲ. ಇಂಥದೊಂದು ಪ್ರಯತ್ನಕ್ಕೆ ಜಿಲ್ಲೆಯ ಪಾಲಿಟೆಕ್ನಿಕ್, ಐಟಿಐಗಳ ಪ್ರಯೋಗಾಲಯಗಳು ಯೋಗ್ಯ ಜಾಗ.

ಒಎಲ್‌ಇಡಿ ಮತ್ತು ಅಮೊಲೆಡ್ ಪರದೆಗಳಲ್ಲಿ ಒಂದೇ ಚಿತ್ರ ಬಹುಕಾಲ ನಿಂತರೆ ಅದರ ನೆರಳು ಅಳಿಸಲಾಗದಂತೆ ಅಚ್ಚೊತ್ತುವ ದೋಷವುಂಟು. ಎಲ್‌ಸಿಡಿಯಲ್ಲಿ ಇದು ಅಪರೂಪ.

ಪರದೆಯ ಮೇಲಿನ ಅಂಕಿಗಳಲ್ಲಿ ಎರಡನ್ನು ಬಿಡಿಸಿ ಅರಿಯಬೇಕು. ಪ್ರೊಸೆಸರಿನ ತಾಪ ಕ್ಷಣಕ್ಷಣಕ್ಕೂ ನೆಗೆಯುತ್ತದೆ. ಒಂದು ಕಡತ ತೆರೆದರೂ 50ರಿಂದ 70ಕ್ಕೆ ಹಾರಿ ಮತ್ತೆ ಇಳಿಯಬಹುದು. ಅದನ್ನು ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ದ್ರವದ ತಾಪವಾದರೆ ನಿಧಾನಿ. ಹೊರೆ ಬಿದ್ದ ಮೇಲೆ ಹಲವು ನಿಮಿಷಗಳ ಕಾಲ ಏರುತ್ತ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಮತ್ತು ಆ ಮಟ್ಟ ಕೋಣೆಯ ಗಾಳಿ, ರೇಡಿಯೇಟರಿನ ಸ್ವಚ್ಛತೆ, ಫ್ಯಾನಿನ ಓಟ, ಪಂಪಿನ ಆರೋಗ್ಯ ಇವೆಲ್ಲದರ ಒಟ್ಟು ಫಲ. ದ್ರವದ ತಾಪವನ್ನು ಅಳೆಯುವ ಸಂವೇದಕ ಎಲ್ಲ ಮಾದರಿಗಳಲ್ಲೂ ಇರುವುದಿಲ್ಲ, ಪರದೆ ದೊಡ್ಡದಿದ್ದು ಈ ಸಂವೇದಕವೇ ಇಲ್ಲದ ಶೀತಕ ಉಪಯೋಗದ ದೃಷ್ಟಿಯಿಂದ ಅರ್ಧ ಸಾಧನವೇ ಸರಿ.

ಬಿಸಿಲು ಸೀಮೆಯ ಲೆಕ್ಕ

ಮುಚ್ಚಿದ ಕೊಳವೆಯ ಶೀತಕ ತಂಪನ್ನು ಉತ್ಪಾದಿಸುವುದಿಲ್ಲ, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ ಅಷ್ಟೆ. ಶಾಖ ಬಿಸಿಯಿಂದ ತಂಪಿನ ಕಡೆಗೇ ಹರಿಯಬೇಕಾದ್ದರಿಂದ ದ್ರವದ ತಾಪ ರೇಡಿಯೇಟರಿಗೆ ಬೀಸುವ ಗಾಳಿಯ ತಾಪಕ್ಕಿಂತ ಕೆಳಗೆ ಎಂದೂ ಇಳಿಯಲಾರದು. ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. 200 ವ್ಯಾಟ್ ಹೊರೆಯಲ್ಲಿ ಒಂದು ಶೀತಕದ ದ್ರವ ಗಾಳಿಗಿಂತ 12 ಡಿಗ್ರಿ ಮೇಲೆಯೂ ಪ್ರೊಸೆಸರ್ ದ್ರವಕ್ಕಿಂತ 35 ಡಿಗ್ರಿ ಮೇಲೆಯೂ ನಿಲ್ಲುತ್ತದೆಂದು ಇಟ್ಟುಕೊಂಡರೆ, 25 ಡಿಗ್ರಿಯ ಕೋಣೆಯಲ್ಲಿ ದ್ರವ 37ಕ್ಕೂ ಪ್ರೊಸೆಸರ್ 72ಕ್ಕೂ ನಿಲ್ಲುತ್ತವೆ. ಅದೇ ಯಂತ್ರವನ್ನು ತಂದು ಸುರಪುರದ ತಗಡಿನ ಸೂರಿನ ಅಂಗಡಿಯಲ್ಲಿ, 41 ಡಿಗ್ರಿಯ ಗಾಳಿಯಲ್ಲಿ ಇಟ್ಟರೆ ದ್ರವ 53ಕ್ಕೂ ಪ್ರೊಸೆಸರ್ 88ಕ್ಕೂ ಏರುತ್ತವೆ. ದ್ರವ 60 ಡಿಗ್ರಿಯ ಆಸುಪಾಸನ್ನು ಮೀರದಂತೆ ನೋಡಿಕೊಳ್ಳಬೇಕೆಂಬುದು ತಯಾರಕರ ಸಾಮಾನ್ಯ ಸೂಚನೆ. ಅದಕ್ಕಿಂತ ಬಿಸಿಯಾದರೆ ಕೊಳವೆ, ಪಂಪು, ಬಿಗಿ ಬಿರಡೆಗಳ ಬಾಳಿಕೆ ಕುಗ್ಗುತ್ತದೆ. ತಂಪು ಊರಿನಲ್ಲಿ ಬಹಳಷ್ಟು ಉಳಿಕೆಯಿರುವ ಶೀತಕ ಇಲ್ಲಿ ಅಂಚಿಗೆ ಬಂದು ನಿಂತಿರುತ್ತದೆ. ಅದರ ಮೇಲೆ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿಯೂ ರೇಡಿಯೇಟರಿಗೇ ನುಗ್ಗುವಂತೆ ಜೋಡಿಸಿದ್ದರೆ ಅಂಚು ದಾಟುತ್ತದೆ.

ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಲೆಕ್ಕ ಇನ್ನಷ್ಟು ಕೆಡುತ್ತದೆ. 400 ವ್ಯಾಟ್ ಬಳಸುವ ಕಂಪ್ಯೂಟರ್ ಆ 400 ವ್ಯಾಟನ್ನೂ ಶಾಖವಾಗಿ ಕೋಣೆಗೆ ಸುರಿಯುತ್ತದೆ. ಶೀತಕ ಎಷ್ಟು ಉತ್ತಮವಾಗಿದ್ದರೂ ಈ ಮೊತ್ತ ಕಡಿಮೆಯಾಗದು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ಹಗಲಿನ ಕಾವು ಒಳಗಿಳಿಯಲು ತಡವಾಗುತ್ತಿತ್ತು. ಕಾಂಕ್ರೀಟ್ ಮತ್ತು ತಗಡಿನ ಸೂರುಗಳ ಕೆಳಗೆ ಆ ತಡೆಯಿಲ್ಲ.

ಈ ಸೀಮೆಯ ಮನೆಮನೆಗಳ ಬೇಸಿಗೆಯ ಸಂಗಾತಿಯಾದ, ಕಿಟಕಿಗೆ ಹೊಂದಿಸಿಡುವ ನೀರಿನ ಕೂಲರ್ ಬೇರೆಯೇ ತತ್ವದ್ದು. ತೋಯ್ದ ಪ್ಯಾಡಿನ ಮೂಲಕ ಗಾಳಿ ಹಾಯುವಾಗ ನೀರು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿಯ ತೇವಾಂಶ ಶೇಕಡ 20ರಷ್ಟಿರುವ ಒಣ ಮಧ್ಯಾಹ್ನದಲ್ಲಿ 41 ಡಿಗ್ರಿಯ ಗಾಳಿಯನ್ನು ಇಂಥ ಕೂಲರ್ 30 ಡಿಗ್ರಿಯ ಆಸುಪಾಸಿಗೆ ಇಳಿಸಬಲ್ಲದು. ಕೋಣೆ ಹತ್ತು ಡಿಗ್ರಿ ತಣಿದರೆ ಶೀತಕದ ದ್ರವವೂ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ತಣಿಯುತ್ತವೆ, 240ರ ರೇಡಿಯೇಟರನ್ನು ಬಿಟ್ಟು 360ರದನ್ನು ಕೊಂಡರೆ ಸಿಗುವುದು ಕೆಲವೇ ಡಿಗ್ರಿಗಳ ಲಾಭ. ಹೀಗಾಗಿ ಯಾದಗಿರಿಯ ಬೇಸಿಗೆಯಲ್ಲಿ ಕಂಪ್ಯೂಟರಿನ ನಿಜವಾದ ಶೀತಕ ಕಿಟಕಿಯಲ್ಲಿದೆ ಎಂದರೆ ತಪ್ಪಾಗದು. ತೇವದಿಂದ ಕಂಪ್ಯೂಟರಿಗೆ ಹಾನಿಯಾದೀತೆಂಬ ಅಂಜಿಕೆ ಸಹಜವಾದರೂ, ಓಡುತ್ತಿರುವ ಕಂಪ್ಯೂಟರಿನ ಭಾಗಗಳು ಗಾಳಿಗಿಂತ ಬಿಸಿಯಾಗಿರುವುದರಿಂದ ಅವುಗಳ ಮೇಲೆ ಹನಿ ಕಟ್ಟುವುದಿಲ್ಲ. ಆದರೆ ಕೂಲರಿನ ಬಾಯಿಗೆ ನೇರವಾಗಿ ಕ್ಯಾಬಿನೆಟ್ಟನ್ನು ಇಡಬಾರದು. ಪ್ಯಾಡಿನಿಂದ ಸಿಡಿಯುವ ಹನಿಗಳಲ್ಲಿ ಬೋರ್‌ವೆಲ್ ನೀರಿನ ಉಪ್ಪು ಇದ್ದು, ಅದು ಒಣಗಿ ಬಿಳಿ ಪುಡಿಯಾಗಿ ಫ್ಯಾನು, ವಿದ್ಯುನ್ಮಂಡಲಗಳ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಹೆಚ್ಚಿದಾಗ ನೀರಿನ ಕೂಲರಿನ ಬಲ ಕುಂದುತ್ತದೆ, ಆ ಹೊತ್ತಿಗೆ ಹೊರಗಿನ ತಾಪವೂ ಇಳಿದಿರುವುದರಿಂದ ತೊಂದರೆಯಾಗುವುದಿಲ್ಲ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. ಪ್ರೊಸೆಸರ್ ಎಷ್ಟು ವಿದ್ಯುತ್ ಬಳಸಬೇಕೆಂಬ ಮಿತಿಯನ್ನು ಮದರ್‌ಬೋರ್ಡಿನ ಬಯಾಸ್ ವ್ಯವಸ್ಥೆಯಲ್ಲಿ ತಗ್ಗಿಸಬಹುದು. ಎಎಂಡಿಯ 170 ವ್ಯಾಟ್ ವರ್ಗದ ಪ್ರೊಸೆಸರುಗಳನ್ನು ಇಕೋ ಮೋಡ್ ಎಂಬ ಏರ್ಪಾಟಿನಿಂದ 105 ಅಥವಾ 65 ವ್ಯಾಟ್ ವರ್ಗಕ್ಕೆ ಇಳಿಸಬಹುದಾಗಿದ್ದು, ಶಾಖ ತಗ್ಗಿದಷ್ಟು ಪ್ರಮಾಣದಲ್ಲಿ ವೇಗ ತಗ್ಗುವುದಿಲ್ಲ. ಆಧುನಿಕ ಪ್ರೊಸೆಸರುಗಳು ಕೊನೆಯ ಸ್ವಲ್ಪ ವೇಗಕ್ಕಾಗಿ ಅತಿ ಹೆಚ್ಚು ವಿದ್ಯುತ್ ತಿನ್ನುವುದೇ ಇದಕ್ಕೆ ಕಾರಣ. ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಈ ಮಿತಿಯಲ್ಲಿ ಓಡಿಸಿ, ಮಳೆ ಬಿದ್ದ ಮೇಲೆ ತೆಗೆಯುವುದು ಈ ಮೂರೂ ಊರುಗಳಿಗೆ ತಕ್ಕ ಪದ್ಧತಿ.

ದೂಳು, ಬಾಳಿಕೆ, ದುರಸ್ತಿ

ರೇಡಿಯೇಟರಿನ ರೆಕ್ಕೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಎರೆ ಮಣ್ಣಿನ ಸಣ್ಣ ದೂಳು, ಹತ್ತಿಯ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲುಗಳ ಸುತ್ತ ತೇಲುವ ಅರಳೆಯ ನವಿರು, ರಸ್ತೆ ಬದಿಯ ಹೊಗೆ ಇವು ಒಟ್ಟಾಗಿ ಫ್ಯಾನಿಗೂ ರೇಡಿಯೇಟರಿಗೂ ನಡುವೆ ಬಟ್ಟೆಯಂಥ ಪದರವೊಂದನ್ನು ಕಟ್ಟುತ್ತವೆ. ಹೊರಗಿನಿಂದ ನೋಡಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಆದರೆ ಗಾಳಿ ದಾಟುವುದಿಲ್ಲ. ಫ್ಯಾನನ್ನು ಬಿಚ್ಚಿ ನೋಡಿದಾಗಷ್ಟೇ ಬೂದುಬಣ್ಣದ ಆ ಚಾಪೆ ಕಾಣುತ್ತದೆ. ದ್ರವದ ತಾಪವನ್ನು ತೋರಿಸುವ ಪರದೆಯ ಉಪಯೋಗ ಇಲ್ಲಿಯೇ: ಅದೇ ಕೆಲಸಕ್ಕೆ, ಅದೇ ಹವೆಗೆ ಕಳೆದ ತಿಂಗಳು 45 ಇದ್ದ ಅಂಕಿ ಈಗ 51 ಆಗಿದ್ದರೆ ಬ್ಲೋವರ್ ಹಿಡಿಯುವ ಕಾಲ ಬಂದಿದೆ ಎಂದರ್ಥ. ಗಾಳಿ ಊದುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ತಡೆದು ಹಿಡಿಯಬೇಕು, ಇಲ್ಲದಿದ್ದರೆ ಅತಿವೇಗದಿಂದ ತಿರುಗಿ ಅದರ ಬೇರಿಂಗ್ ಕೆಡುತ್ತದೆ.

ಮುಚ್ಚಿದ ಶೀತಕದಲ್ಲಿಯೂ ದ್ರವ ವರ್ಷದಿಂದ ವರ್ಷಕ್ಕೆ ರಬ್ಬರಿನ ಗೋಡೆಯ ಮೂಲಕ ಅತ್ಯಲ್ಪ ಪ್ರಮಾಣದಲ್ಲಿ ಆವಿಯಾಗಿ ನುಸುಳಿಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಖಾಲಿಯಾದ ಜಾಗವನ್ನು ಗಾಳಿ ತುಂಬುತ್ತದೆ, ಗಾಳಿ ಯಾವಾಗಲೂ ವ್ಯವಸ್ಥೆಯ ಅತಿ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆ ಎತ್ತರದ ಜಾಗ ಪಂಪಾಗಿದ್ದರೆ ಗುಳುಗುಳು ಸದ್ದು ಬಂದು, ದ್ರವವಿಲ್ಲದೆ ಒಣಗಿ ಓಡಿ ಪಂಪು ಕೆಡುತ್ತದೆ. ಆದ್ದರಿಂದ ರೇಡಿಯೇಟರನ್ನು ಕ್ಯಾಬಿನೆಟ್ಟಿನ ನೆತ್ತಿಗೋ ಮುಂಭಾಗಕ್ಕೋ ಕೂರಿಸಿ, ಅದರ ಮೇಲಂಚು ಪಂಪಿಗಿಂತ ಎತ್ತರದಲ್ಲಿ ಇರುವಂತೆ ನೋಡಿಕೊಳ್ಳಬೇಕು. ರೇಡಿಯೇಟರನ್ನು ತಳದಲ್ಲಿಡುವುದು ಜೋಡಣೆಯ ತಪ್ಪುಗಳಲ್ಲೇ ದೊಡ್ಡದು.

ಪಂಪು ನಿಂತರೆ ಸ್ಥಳೀಯವಾಗಿ ದುರಸ್ತಿ ಮಾಡುವಂತಿಲ್ಲ, ಇಡೀ ಸಾಧನವನ್ನೇ ಬದಲಿಸಬೇಕು. ಒಳ್ಳೆಯ ಮಾದರಿಗಳಿಗೆ ಐದಾರು ವರ್ಷಗಳ ವಾರಂಟಿ ಇದ್ದರೂ, ಬದಲಿ ಬರುವವರೆಗೆ ಯಂತ್ರ ನಿಲ್ಲುತ್ತದೆ. ಯಾದಗಿರಿಯಿಂದ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಪೇಟೆ ದೂರ, ಹೈದರಾಬಾದ್ ಅದಕ್ಕಿಂತ ಬಹಳ ಹತ್ತಿರ. ಆದರೂ ಮದುವೆಯ ಹಂಗಾಮಿನಲ್ಲಿ ಎರಡು ದಿನ ನಿಂತ ಸಂಕಲನದ ಯಂತ್ರ ಒಂದು ಕುಟುಂಬದ ಆ ತಿಂಗಳ ದುಡಿಮೆಯನ್ನೇ ಅಲುಗಿಸಬಲ್ಲದು. ಕೆಟ್ಟ ಶೀತಕದಲ್ಲಿ ತಾಮ್ರ, ಅಲ್ಯೂಮಿನಿಯಂ, ಗ್ಲೈಕಾಲ್ ಮಿಶ್ರಿತ ದ್ರವ, ಪರದೆ, ವಿದ್ಯುನ್ಮಂಡಲ ಎಲ್ಲವೂ ಇರುವುದರಿಂದ ಅದನ್ನು ಗುಜರಿಗೆ ಹಾಕದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.

ಆಯ್ಕೆ

ದ್ರವ ಶೀತಕಕ್ಕೆ ಪ್ರತಿಸ್ಪರ್ಧಿ ಗಾಳಿ ಶೀತಕ. ತಾಮ್ರದ ಶಾಖನಳಿಕೆಗಳನ್ನು ಅಲ್ಯೂಮಿನಿಯಂ ರೆಕ್ಕೆಗಳ ಗೋಪುರಕ್ಕೆ ಹೊಂದಿಸಿ, ಒಂದೋ ಎರಡೋ ಫ್ಯಾನು ಕಟ್ಟಿದ ಈ ಸಾಧನದಲ್ಲಿ ಪಂಪಿಲ್ಲ, ಸೋರುವ ಕೊಳವೆಯಿಲ್ಲ. ಫ್ಯಾನು ಕೆಟ್ಟರೆ ಅದೇ ಅಳತೆಯ ಇನ್ನೊಂದನ್ನು ಯಾವ ಊರಿನಲ್ಲಾದರೂ ಹಾಕಬಹುದು. 150 ವ್ಯಾಟ್ ಒಳಗಿನ ಪ್ರೊಸೆಸರುಗಳಿಗೆ ಒಳ್ಳೆಯ ಗಾಳಿ ಶೀತಕ ಸಾಕಾಗುತ್ತದೆ, ಬೆಲೆಯೂ ಪರದೆಯುಳ್ಳ ದ್ರವ ಶೀತಕದ ಒಂದು ಪಾಲಷ್ಟೆ. ತಾಪದ ಅಂಕಿ ಕಣ್ಣಿಗೆ ಕಾಣಬೇಕೆಂಬುವರಿಗೆ ಡೀಪ್‌ಕೂಲ್ ಸಂಸ್ಥೆ 2023ರಿಂದ ಎಕೆ ಡಿಜಿಟಲ್ ಸರಣಿಯಲ್ಲಿ ನೆತ್ತಿಯ ಮೇಲೆ ಅಂಕಿ ಬೆಳಗುವ ಗಾಳಿ ಶೀತಕಗಳನ್ನೂ ತಂದಿದೆ. 200 ವ್ಯಾಟ್ ಮೀರುವ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ವಿಡಿಯೊ ಹೊರತೆಗೆಯುವ ಕೆಲಸವಿದ್ದಾಗ, ಗ್ರಾಫಿಕ್ಸ್ ಕಾರ್ಡಿನ ಮೇಲೆ ಗೋಪುರಕ್ಕೆ ಜಾಗವಿಲ್ಲದಾಗ, ಶಾಖವನ್ನು ನೇರ ಕ್ಯಾಬಿನೆಟ್ಟಿನ ಅಂಚಿಗೆ ಒಯ್ಯಬೇಕಾದಾಗ ದ್ರವ ಶೀತಕವೇ ಮೇಲು.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ದುಡಿಮೆಯ ಕಂಪ್ಯೂಟರಿಗೆ ಇದನ್ನು ಕೊಳ್ಳುವವರು ಪರದೆಯ ಅಂಗುಲಗಳನ್ನು ನೋಡುವ ಮೊದಲು ದ್ರವದ ತಾಪವನ್ನು ಅಳೆಯುವ ಸಂವೇದಕ ಇದೆಯೇ ಎಂಬುದನ್ನೂ, ರೇಡಿಯೇಟರ್ 360 ಮಿ.ಮೀ. ಇದ್ದು ತಮ್ಮ ಕ್ಯಾಬಿನೆಟ್ಟಿನ ನೆತ್ತಿಯಲ್ಲಿ ಕೂರುವುದೇ ಎಂಬುದನ್ನೂ, ವಾರಂಟಿಯ ಬದಲಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಿ ತಿಳಿಯಬೇಕು. ಕೊಂಡ ಮೇಲೆ ಪರದೆಯಲ್ಲಿ ಬೇರೆ ಯಾವ ಚಿತ್ರ ಹಾಕಿಕೊಂಡರೂ ಮಾರ್ಚಿನಿಂದ ಜೂನ್‌ವರೆಗೆ ದ್ರವದ ತಾಪದ ಅಂಕಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಅದು 55 ದಾಟಿದರೆ ಕೆಲಸ ನಿಲ್ಲಿಸಿ ಮೊದಲು ಕಿಟಕಿಯ ಕೂಲರನ್ನೂ ಆಮೇಲೆ ರೇಡಿಯೇಟರಿನ ದೂಳನ್ನೂ ನೋಡಬೇಕು.